ಬುಧವಾರಕ್ಕೇ ಮುರಿಯುವ ಟೈಮ್‌ಟೇಬಲ್

ಮೂಡಿಗೆರೆ ಕಡೆಯ ಹತ್ತನೇ ತರಗತಿಯ ವಿದ್ಯಾರ್ಥಿನಿಯ ಪತ್ರದ ಒಂದು ಭಾಗ: “ಪ್ರತಿ ಭಾನುವಾರ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸುತ್ತೇನೆ, ದಿನಕ್ಕೆ ಐದು ಗಂಟೆ ಓದು ಅಂತ. ಬುಧವಾರಕ್ಕೆ ಕೈಬಿಟ್ಟಿರುತ್ತೇನೆ. ಗೆಳತಿಯರೆಲ್ಲ ಡಿಪ್ಲೊಮಾಕ್ಕೆ ಹೋಗೋಣ ಅನ್ನುತ್ತಾರೆ, ಅಪ್ಪ ಪಿಯುಸಿ ಸೈನ್ಸ್ ಅನ್ನುತ್ತಾರೆ. ನನಗೆ ಗುರಿಯೇ ಇಲ್ಲವೇ?”

ಸಂಪಾದಕರ ಉತ್ತರ:

ಗುರಿ ಇಲ್ಲದವಳು ವಾರವಾರ ಟೈಮ್‌ಟೇಬಲ್ ಬರೆಯುವುದಿಲ್ಲ, ಮಗಳೇ. ತಪ್ಪಿರುವುದು ಲೆಕ್ಕ. ನೀನೇ ಬರೆದಂತೆ ಮನೆ ಸೇರುವಾಗ ಸಂಜೆ ಐದೂವರೆ. ಈಗ ಕುಯ್ಲಿನ ಕಾಲ. ಬಂದವಳೇ ಕಣದಲ್ಲಿ ಹರಡಿದ ಕಾಫಿ ರಾಶಿ ಮಾಡಿ ಟಾರ್ಪಾಲು ಹೊದಿಸಬೇಕು. ಆಮೇಲೆ ಅಡುಗೆಮನೆ, ಊಟ. ಹತ್ತಕ್ಕೆ ಮಲಗುವವಳಿಗೆ ಐದು ಗಂಟೆ ಎಲ್ಲಿಂದ ಬರಬೇಕು? ಸೋಮವಾರ ಉಳಿದದ್ದನ್ನು ಮಂಗಳವಾರಕ್ಕೆ ಸೇರಿಸುತ್ತೀಯ, ಅದೂ ಉಳಿದು ಬುಧವಾರ ಬೆಟ್ಟದಷ್ಟಾಗುತ್ತದೆ. ಮುರಿಯುವುದು ಅಲ್ಲೇ.

ಬರುವ ಸೋಮವಾರದಿಂದ ಏಳು ದಿನ ಟೈಮ್‌ಟೇಬಲ್ ಬೇಡ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತು ಎಂದಷ್ಟೇ ಬರಿ, ಮೊಬೈಲ್ ನೋಡಿದ್ದನ್ನೂ ಮುಚ್ಚಿಡದೆ. ದಿನಕ್ಕೆ ಎರಡೂವರೆ ಗಂಟೆ ಸಿಕ್ಕಿತು ಅಂತಿಟ್ಟುಕೋ. ಎರಡು ಗಂಟೆಗೆ ಮಾತ್ರ ಓದು ಹಂಚು. ಉಳಿದ ಅರ್ಧ ಗಂಟೆ ನೆಂಟರಿಗೆ, ತಲೆನೋವಿಗೆ. ತಪ್ಪಿದ್ದನ್ನು ಮರುದಿನಕ್ಕೆ ಸೇರಿಸಬೇಡ. ಬಾಕಿ ತೀರಿಸಲು ಭಾನುವಾರ ಒಂದು ಹೊತ್ತು ಖಾಲಿ ಬಿಟ್ಟಿರು.

‘ಗಣಿತಕ್ಕೆ ಒಂದು ಗಂಟೆ’ ಎಂದು ಬರೆದರೆ ಪುಸ್ತಕ ತೆರೆದು ಸುಮ್ಮನೆ ಕೂತರೂ ಗಂಟೆ ಕಳೆಯುತ್ತದೆ. ಹೀಗೆ ಬರಿ: ‘ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಜಗಲಿಯಲ್ಲಿ ಕೂತು ವರ್ಗ ಸಮೀಕರಣದ ಆರು ಲೆಕ್ಕ, ಉತ್ತರ ನೋಡದೆ. ಕರೆಂಟು ಹೋದರೆ ಪದ್ಯದ ಕಂಠಪಾಠ.’ ಎಲ್ಲಿ, ಯಾವಾಗ, ಅಡ್ಡಿ ಬಂದರೆ ಏನು ಎಂದು ಮೊದಲೇ ಗೊತ್ತುಮಾಡಿಕೊಂಡವರು ಬರೀ ಸಂಕಲ್ಪ ಮಾಡಿದವರಿಗಿಂತ ಹೆಚ್ಚು ಕೆಲಸ ಮುಗಿಸುತ್ತಾರೆ ಎಂಬುದನ್ನು ಮನೋವಿಜ್ಞಾನಿ ಪೀಟರ್ ಗಾಲ್ವಿಟ್ಸರ್ 1999ರ ಲೇಖನದಲ್ಲಿ ವಿವರಿಸಿದ್ದಾರೆ. ತೊಂಬತ್ತು ಅಂಕ ನಿನ್ನ ಕೈಯಲ್ಲಿಲ್ಲ, ಆರು ಲೆಕ್ಕ ಇದೆ.

ಇನ್ನು ಡಿಪ್ಲೊಮಾವೋ ಪಿಯುಸಿಯೋ. ಯಾವುದು ದೊಡ್ಡದು ಎಂದು ಕೇಳಬೇಡ, ಯಾವ ಬಾಗಿಲು ಮುಚ್ಚುತ್ತದೆ ಎಂದು ಕೇಳು. ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ. ಮುಗಿಸಿ ಡಿಸಿಇಟಿ, ಅಂದರೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ, ಬರೆದರೆ ನೇರ ಎರಡನೇ ವರ್ಷದ ಬಿಇಗೆ ಸೇರಬಹುದು. ಒಳ್ಳೆಯ ದಾರಿಯೇ. ಆದರೆ ನಡುವೆ ಡಾಕ್ಟರಾಗಬೇಕು ಅನ್ನಿಸಿದರೆ ಮತ್ತೆ ಪಿಯುಸಿಯಿಂದಲೇ ಶುರು. ಪಿಯುಸಿಯಲ್ಲಿ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ತೆಗೆದುಕೊಂಡರೆ ಎಂಜಿನಿಯರಿಂಗ್, ವೈದ್ಯಕೀಯ ಪ್ರವೇಶದ ನೀಟ್, ನಿಮ್ಮೂರ ಬಳಿಯ ಮೂಡಿಗೆರೆ ತೋಟಗಾರಿಕೆ ಕಾಲೇಜು, ಹಾಸನದ ಕಾರೆಕೆರೆ ಕೃಷಿ ಕಾಲೇಜು ಎಲ್ಲಕ್ಕೂ ಪ್ರಯತ್ನಿಸಬಹುದು. ಅದಕ್ಕೆ ಬೆಲೆಯೂ ಇದೆ: ನಾಲ್ಕೂ ಭಾರದ ವಿಷಯಗಳು, ಎರಡು ವರ್ಷ. ಪರಿಚಯದ ಅಕ್ಕನ ಹತ್ತಿರ ಪ್ರಥಮ ಪಿಯು ಭೌತಶಾಸ್ತ್ರ, ಜೀವಶಾಸ್ತ್ರ ಪುಸ್ತಕ ಕೇಳಿ ತಂದು ಒಂದೊಂದು ಪಾಠ ಓದಿ ನೋಡು. ಅರ್ಥವಾಯಿತೇ ಅನ್ನುವುದಕ್ಕಿಂತ, ಮುಂದಿನ ಪುಟ ತಿರುಗಿಸಲು ಮನಸ್ಸಾಯಿತೇ ಅನ್ನುವುದನ್ನು ಗಮನಿಸು. ಡಿಪ್ಲೊಮಾ ಎರಡನೇ ವರ್ಷದವರೊಬ್ಬರನ್ನು ಕಂಡು ಖರ್ಚೆಷ್ಟು, ಯಾವ ವಿಷಯದಲ್ಲಿ ಹೆಚ್ಚು ಜನ ಫೇಲಾಗುತ್ತಾರೆ, ಹಿಂದಿನ ಬ್ಯಾಚಿನವರು ಎಲ್ಲಿದ್ದಾರೆ ಎಂದು ಕೇಳು.

ತೀರ್ಮಾನವನ್ನು ಮಾತ್ರ ಗೆಳತಿಯರ ಜೊತೆ ಬಸ್ಸಿನಲ್ಲಿ ಮಾಡಬೇಡ. ಮನೋವಿಜ್ಞಾನಿಗಳಾದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಂಪ್ಯೂಟರಿನ ಕಾರು ಆಟ ಆಡಿದ ಹದಿಹರೆಯದವರು ಒಬ್ಬರೇ ಇದ್ದಾಗಿಗಿಂತ ಗೆಳೆಯರು ಪಕ್ಕದಲ್ಲಿದ್ದಾಗ ಹೆಚ್ಚು ಅಪಾಯಕ್ಕೆ ಕೈಹಾಕಿದರು. ದೊಡ್ಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಗೆಳತಿಯರು ಕೆಟ್ಟವರೆಂದಲ್ಲ, ಈ ವಯಸ್ಸಿನ ಮನಸ್ಸೇ ಹಾಗೆ.

ಸಂಕ್ರಾಂತಿ ಹೊತ್ತಿಗೆ ಒಂದು ಹಾಳೆಯಲ್ಲಿ ಮೂರು ಸಾಲು ಬರಿ: ಯಾವುದು ಬೇಕು, ಅದರಿಂದ ಏನು ತಪ್ಪಿಹೋಗುತ್ತದೆ, ಸರಿಹೋಗದಿದ್ದರೆ ಏನು ಮಾಡುವೆ. ಅಪ್ಪನಿಗೆ ಬಟವಾಡೆಯ ಸಂಜೆ ತೋರಿಸಬೇಡ, ಆಗ ಅವರ ತಲೆ ತುಂಬ ಕೂಲಿಯ ಲೆಕ್ಕ ಇರುತ್ತದೆ. ಭಾನುವಾರ ಬೆಳಗ್ಗೆ, ಕಾಫಿ ಲೋಟದ ಜೊತೆ ಕೊಡು.