ಹದಿನೈದನೆಯ ಸುತ್ತಿಗೆ ಬಿಡದ ಗುರು

ಪ್ರಶ್ನೆ: 1975ರಲ್ಲಿ ಫಿಲಿಪ್ಪೀನ್ಸಿನ ಮನಿಲಾದಲ್ಲಿ ಮುಹಮ್ಮದ್ ಅಲಿ ವಿರುದ್ಧ ನಡೆದ ಬಾಕ್ಸಿಂಗ್ ಪಂದ್ಯದಲ್ಲಿ ಒಂದೇ ಸುತ್ತು ಬಾಕಿಯಿದ್ದಾಗ ಜೋ ಫ್ರೇಜಿಯರ್ ಅವರನ್ನು ಅವರ ತರಬೇತುದಾರರೇ ತಡೆದರೆಂದು ಓದಿದೆ. ಕಾದಾಡಲು ಸಿದ್ಧನಿದ್ದವನಿಗೆ ಇದು ಅನ್ಯಾಯವಲ್ಲವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅನ್ಯಾಯವಲ್ಲವೆಂದೇ ನಾನು ದೃಢವಾಗಿ ನಂಬಿದ್ದೇನೆ. ತಡೆದವರು ಎಡ್ಡಿ ಫಚ್. ಮುಹಮ್ಮದ್ ಅಲಿಯವರ ಆಟವನ್ನು ಅವರಷ್ಟು ಸೂಕ್ಷ್ಮವಾಗಿ ಓದಿಕೊಂಡವರು ವಿರಳ. ಅಲಿ ಅಪ್ಪರ್‌ಕಟ್ (ಕೆಳಗಿನಿಂದ ಮೇಲಕ್ಕೆ ಬೀಸುವ ಏಟು) ಹೊಡೆಯುವ ಮುನ್ನ ಬಲಗೈಯನ್ನು ಕೆಳಕ್ಕಿಳಿಸುತ್ತಾರೆ, ಆ ಕ್ಷಣದಲ್ಲಿ ಅವರ ಮುಖಕ್ಕೆ ರಕ್ಷಣೆಯಿರುವುದಿಲ್ಲ ಎಂಬುದನ್ನು ಗಮನಿಸಿ, ಅಲ್ಲಿಗೇ ಎಡಗೈ ಹುಕ್ (ಮೊಣಕೈ ಬಾಗಿಸಿ ಪಕ್ಕದಿಂದ ಹೊಡೆಯುವ ಏಟು) ಬೀಸುವಂತೆ ಫ್ರೇಜಿಯರ್ ಅವರಿಗೆ ಕಲಿಸಿದವರಲ್ಲಿ ಫಚ್ ಪ್ರಮುಖರು. 1971ರ ಮಾರ್ಚ್ 8ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಹದಿನೈದನೆಯ ಸುತ್ತಿನಲ್ಲಿ, ಅಲಿಯವರನ್ನು ನೆಲಕ್ಕೆ ಕೆಡವಿದ್ದು ಫ್ರೇಜಿಯರ್ ಅವರ ಎಡಗೈ ಹುಕ್ಕೇ. ಎರಡು ವರ್ಷಗಳ ನಂತರ ಅಲಿಯವರ ದವಡೆ ಮುರಿದು ಗೆದ್ದ ಕೆನ್ ನಾರ್ಟನ್ ಕೂಡ ಫಚ್ ಅವರ ಶಿಷ್ಯರೇ.

ಗೆಲ್ಲುವ ದಾರಿ ಬಲ್ಲ ಅಂಥವರೇ 1975ರ ಅಕ್ಟೋಬರ್ 1ರಂದು ಪಂದ್ಯವನ್ನು ಬಿಟ್ಟುಕೊಟ್ಟರು. ಅಮೆರಿಕದ ಪ್ರೇಕ್ಷಕರ ಅನುಕೂಲಕ್ಕಾಗಿ ಬೆಳಗ್ಗೆಯೇ ಆರಂಭಿಸಿದ್ದ ಆ ಪಂದ್ಯದಲ್ಲಿ, ಸುಡುವ ಸೆಕೆಯ ನಡುವೆ ಹದಿನಾಲ್ಕು ಸುತ್ತು ಕಾದಾಡಿದ ಫ್ರೇಜಿಯರ್ ಅವರ ಮುಖ ಊದಿಕೊಂಡು, ಎದುರಾಳಿಯ ಬಲಗೈ ಏಟು ಬರುವುದೇ ಅವರಿಗೆ ಕಾಣದಂತಾಗಿತ್ತು. ಹದಿಮೂರನೆಯ ಸುತ್ತಿನಲ್ಲಿ ಅವರ ಬಾಯಿಯ ರಕ್ಷಾಕವಚವೇ ಹಾರಿಹೋಗಿತ್ತು. ಅಂಕಗಳಲ್ಲಿಯೂ ಅವರು ಹಿಂದಿದ್ದರು. ಸ್ಟೂಲಿನ ಮೇಲೆ ಕುಳಿತಿದ್ದ ಶಿಷ್ಯ ತಾನು ಹೋಗಿಯೇ ಹೋಗುತ್ತೇನೆಂದು ಹಟ ಹಿಡಿದಾಗ ಫಚ್, ಕುಳಿತುಕೋ ಮಗನೇ, ಇಂದು ನೀನು ಮಾಡಿದ್ದನ್ನು ಯಾರೂ ಮರೆಯುವುದಿಲ್ಲ ಎಂಬರ್ಥದ ಮಾತು ಹೇಳಿ ರೆಫ್ರಿಗೆ ಸನ್ನೆ ಮಾಡಿದರು. ಏಟು ತಿಂದು ಸತ್ತ ಬಾಕ್ಸರುಗಳನ್ನು ಅವರು ಕಣ್ಣಾರೆ ಕಂಡಿದ್ದರು. ಉಳಿದಿದ್ದು ಮೂರೇ ನಿಮಿಷವೆಂದು ನಾವು ಹೇಳಬಹುದು. ಆದರೆ ಬರುವ ಏಟು ಕಾಣದವನಿಗೆ ಆ ಮೂರು ನಿಮಿಷ ಸಣ್ಣದಲ್ಲ.

ರಿಂಗಿನ ಮೂಲೆಯಲ್ಲಿ ನಿಂತ ತರಬೇತುದಾರರು ತಡೆಯುವುದೇ ಯಾವಾಗಲೂ ಸರಿಯೆಂದು ಇದರ ಅರ್ಥವಲ್ಲ. 1964ರಲ್ಲಿ ಮಯಾಮಿಯಲ್ಲಿ ಸನ್ನಿ ಲಿಸ್ಟನ್ ವಿರುದ್ಧ ಕಾದುತ್ತಿದ್ದಾಗ ಕಣ್ಣುರಿ ತಾಳಲಾರದೆ, ಕೈಗವಸು ಬಿಚ್ಚಿಬಿಡಿ ಎಂದು ಕೂಗಿದವರು ಸ್ವತಃ ಅಲಿ. ಆಗ ತರಬೇತುದಾರ ಆಂಜೆಲೊ ಡಂಡೀ ಕಣ್ಣು ತೊಳೆದು ಅವರನ್ನು ರಿಂಗಿನೊಳಕ್ಕೆ ತಳ್ಳಿದರು. ಆ ರಾತ್ರಿಯೇ ಅಲಿ ವಿಶ್ವ ಚಾಂಪಿಯನ್ ಆದರು. ಕಣ್ಣಿನ ಉರಿ ಇಳಿಯುವಂಥದ್ದೆಂದು ಡಂಡೀ ಅರಿತಿದ್ದರು. ಫ್ರೇಜಿಯರ್ ಅವರ ಸ್ಥಿತಿ ಹಾಗಿರಲಿಲ್ಲ.

ಪ್ರಶ್ನೆ: ಒಳ್ಳೆಯ ತರಬೇತುದಾರನಾಗಲು ಸ್ವತಃ ಚಾಂಪಿಯನ್ ಆಗಿರಬೇಕೇ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಬೇಕಿಲ್ಲ. ಹೃದಯದ ತೊಂದರೆಯಿಂದಾಗಿ ಫಚ್ ವೃತ್ತಿಪರ ಬಾಕ್ಸರ್ ಆಗಲೇ ಇಲ್ಲ. ಮತ್ತೊಬ್ಬ ಹೆಸರಾಂತ ತರಬೇತುದಾರ ಕಸ್ ಡಮಾಟೊ ಅವರೂ ವೃತ್ತಿಪರ ರಿಂಗಿಗೆ ಇಳಿದವರಲ್ಲ. ಆದರೂ ಅವರು ಬೆಳೆಸಿದ ಫ್ಲಾಯ್ಡ್ ಪ್ಯಾಟರ್ಸನ್ 1956ರಲ್ಲಿ, 21ನೆಯ ವಯಸ್ಸಿನಲ್ಲಿ, ಹೆವಿವೇಟ್ ಪಟ್ಟಕ್ಕೇರಿದರು. ಅತಿ ಕಿರಿಯ ಹೆವಿವೇಟ್ ಚಾಂಪಿಯನ್ ಎಂಬ ಆ ದಾಖಲೆಯನ್ನು ಮುರಿದದ್ದೂ ಡಮಾಟೊ ಅವರದೇ ಶಿಷ್ಯ, ಇಪ್ಪತ್ತರ ಮೈಕ್ ಟೈಸನ್, 1986ರ ನವೆಂಬರಿನಲ್ಲಿ. ಅದನ್ನು ನೋಡಲು ಗುರು ಉಳಿದಿರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು.