ಯುದ್ಧಕಾಲದ ಕಾರ್ಟೂನುಗಳು: ಹಾನ್ಸನಿಗೆ ಹೆಸರಿತ್ತು, ಜಪಾನೀಯರಿಗೆ ಇರಲಿಲ್ಲ

ಪ್ರಶ್ನೆ: ಎರಡನೇ ಮಹಾಯುದ್ಧದ ಕಾಲದ ಅಮೆರಿಕನ್ ಕಾರ್ಟೂನುಗಳು ಜರ್ಮನ್ನರನ್ನೂ ಜಪಾನೀಯರನ್ನೂ ಅಣಕಿಸಿದವು. ಯುದ್ಧದಲ್ಲಿ ಶತ್ರುವನ್ನು ಅಣಕಿಸುವುದು ಸಹಜವಲ್ಲವೇ? ಅದನ್ನು ಜನಾಂಗೀಯ ದ್ವೇಷವೆನ್ನುವುದು ಅತಿಯಾಗಲಿಲ್ಲವೇ?

ಉತ್ತರ: ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಮತ್ತು ಕೇಳುವವರು ಎರಡೂ ಬಗೆಯ ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿಲ್ಲವೆಂಬುದು ಪ್ರಶ್ನೆಯಿಂದಲೇ ತಿಳಿಯುತ್ತದೆ. 1943ರ ಡಿಸ್ನಿ ಚಿತ್ರ ‘ಎಜುಕೇಷನ್ ಫಾರ್ ಡೆತ್’ ನೋಡಿ. ಅದರಲ್ಲಿ ಹಾನ್ಸ್ ಎಂಬ ಜರ್ಮನ್ ಹುಡುಗನಿದ್ದಾನೆ; ಅವನು ಕಾಯಿಲೆ ಬಿದ್ದಾಗ ತಾಯಿ ಕಂಗೆಡುತ್ತಾಳೆ, ನರಿಯ ಬಾಯಿಗೆ ಬಿದ್ದ ಮೊಲಕ್ಕಾಗಿ ಮರುಗಿದ್ದಕ್ಕೆ ತರಗತಿಯಲ್ಲಿ ಅವನಿಗೆ ಶಿಕ್ಷೆಯಾಗುತ್ತದೆ. ಹುಡುಗನನ್ನು ಕೆಡಿಸಿದ್ದು ನಾಜಿ ಆಡಳಿತವೆಂದು ಚಿತ್ರ ಸ್ಪಷ್ಟವಾಗಿ ಹೇಳುತ್ತದೆ.

ಇನ್ನು 1944ರಲ್ಲಿ ಫ್ರಿಜ್ ಫ್ರೆಲೆಂಗ್ ವಾರ್ನರ್ ಸಂಸ್ಥೆಗಾಗಿ ನಿರ್ದೇಶಿಸಿದ ‘ಬಗ್ಸ್ ಬನ್ನಿ ನಿಪ್ಸ್ ದ ನಿಪ್ಸ್’ ನೋಡಿ. ಜಪಾನೀಯರಿಗೆ ಬಳಸುತ್ತಿದ್ದ ‘ನಿಪ್’ ಎಂಬ ಬೈಗುಳ ಶೀರ್ಷಿಕೆಯಲ್ಲೇ ಇದೆ. ಕಣ್ಣು, ಕಾಲು, ಮುಖಗಳನ್ನು ಹೀಗಳೆಯುತ್ತಲೇ ಬಗ್ಸ್ ಬನ್ನಿ ಎಂಬ ಕಾರ್ಟೂನು ಮೊಲ, ಒಳಗೆ ಕೈಬಾಂಬ್ ಅಡಗಿಸಿದ ಐಸ್‌ಕ್ರೀಮನ್ನು ಜಪಾನಿ ಸೈನಿಕರಿಗೆ ಹಂಚುತ್ತದೆ, ಪ್ರೇಕ್ಷಕರು ನಗಬೇಕು. ಇಲ್ಲಿ ಹಾನ್ಸನಂಥ ಮಗುವಿಲ್ಲ, ತಾಯಿಯಿಲ್ಲ. ಜರ್ಮನಿಯ ದೋಷವನ್ನು ಒಂದು ಪಕ್ಷದ ತಲೆಗೆ ಕಟ್ಟಿದ ಚಿತ್ರಕಾರರು ಜಪಾನಿನ ದೋಷವನ್ನು ರಕ್ತಕ್ಕೇ ಅಂಟಿಸಿದರು, ಮತ್ತು ನನ್ನ ಮಟ್ಟಿಗೆ ಜನಾಂಗೀಯ ದ್ವೇಷಕ್ಕೆ ಇದಕ್ಕಿಂತ ಬೇರೆ ಲಕ್ಷಣ ಬೇಕಿಲ್ಲ.

ಈ ಭೇದ ತೆರೆಯ ಮೇಲಷ್ಟೇ ಇರಲಿಲ್ಲ. 1942ರ ಫೆಬ್ರುವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಆಜ್ಞೆಯ ಬಲದಿಂದ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆಗಳಿಂದ ಎಬ್ಬಿಸಿ ಶಿಬಿರಗಳಿಗೆ ತಳ್ಳಲಾಯಿತು. ಅವರಲ್ಲಿ ಮೂರನೇ ಎರಡು ಭಾಗ ಅಮೆರಿಕದ ನಾಗರಿಕರೇ. ಜರ್ಮನ್ ಮೂಲದವರನ್ನು ಹೀಗೆ ಇಡಿಯಾಗಿ ಸಾಗಿಸಲಿಲ್ಲ. ಕಾರ್ಟೂನುಗಳಿಂದಲೇ ಶಿಬಿರಗಳಾದವೆಂದು ಬರೆಯುವವರ ಮಾತನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಆಜ್ಞೆ ಈ ಬಗ್ಸ್ ಬನ್ನಿ ಚಿತ್ರಕ್ಕಿಂತ ಎರಡು ವರ್ಷ ಹಿಂದಿನದು. ಆದರೆ ಶಿಬಿರದ ಬೇಲಿಯೊಳಗೆ ಮಕ್ಕಳು ಬೆಳೆಯುತ್ತಿದ್ದಾಗಲೇ ಹೊರಗಿನ ಚಿತ್ರಮಂದಿರಗಳಲ್ಲಿ ಜನ ಆ ಮಕ್ಕಳ ಮುಖವನ್ನೇ ನೋಡಿ ನಗುತ್ತಿದ್ದರೆಂಬುದು ನನ್ನನ್ನು ಇಂದಿಗೂ ಕಲಕುತ್ತದೆ. ಶಿಬಿರದಲ್ಲಿದ್ದು ಬದುಕುಳಿದವರಿಗೆ ಸರ್ಕಾರ ಕ್ಷಮೆ ಕೇಳಿ ತಲಾ 20,000 ಡಾಲರ್ ನೀಡಲು ಕಾನೂನು ಮಾಡಿದ್ದು 1988ರಲ್ಲಿ.

ಜಪಾನೂ ಇದನ್ನೇ ಮಾಡಿತು. ಅಲ್ಲಿನ ನೌಕಾಪಡೆ ಮಾಡಿಸಿದ, 1945ರಲ್ಲಿ ತೆರೆಕಂಡ, ಜಪಾನಿನ ಜನಪದ ಕಥೆಯ ವೀರ ಮೊಮೊತಾರೋನ ಕಾರ್ಟೂನು ಚಿತ್ರದಲ್ಲಿ ಬ್ರಿಟಿಷ್ ಸೈನಿಕರ ತಲೆಗೆ ಕೊಂಬುಗಳಿವೆ; ತಾವು ‘ಬಿಡುಗಡೆ’ ಮಾಡಿದೆವೆಂದ ದ್ವೀಪಗಳ ಜನರನ್ನು ಜಪಾನಿ ಅಕ್ಷರ ಕಲಿಯುವ ಕಾಡುಪ್ರಾಣಿಗಳಾಗಿ ಬರೆದಿದ್ದಾರೆ.

ಪ್ರಶ್ನೆ: ಡೊನಾಲ್ಡ್ ಡಕ್ ನಾಜಿಯಾಗಿದ್ದನೇ?

ಉತ್ತರ: ಇಲ್ಲ, ‘ಡೆರ್ ಫ್ಯೂರರ್ಸ್ ಫೇಸ್’ ಎಂಬ ಡಿಸ್ನಿ ಚಿತ್ರದಲ್ಲಿ ತಾನು ನಾಜಿ ಆಡಳಿತದಲ್ಲಿ ದುಡಿಯುತ್ತಿರುವಂತೆ ಅವನು ಕಾಣುವುದು ದುಃಸ್ವಪ್ನ, ಮತ್ತು ಅವನು ಎಚ್ಚರಗೊಳ್ಳುವ ಕೊನೆಯನ್ನು ಕತ್ತರಿಸಿ ತುಣುಕು ಹರಡುವವರು ಸುಳ್ಳು ಹೇಳುತ್ತಿದ್ದಾರೆ.

ಪ್ರಶ್ನೆ: ಅಮೆರಿಕ ಸರ್ಕಾರ ನಿಷೇಧಿಸಿದ 11 ಕಾರ್ಟೂನುಗಳ ಸಂಗ್ರಹವನ್ನು ಕೊಳ್ಳಬಹುದೇ?

ಉತ್ತರ: ಸರ್ಕಾರ ನಿಷೇಧಿಸಲೇ ಇಲ್ಲ. ಕಪ್ಪು ಜನರನ್ನು ಹೀನವಾಗಿ ಚಿತ್ರಿಸಿದ, ವಾರ್ನರ್ ಸಂಸ್ಥೆಯ ಆ 11 ಚಿತ್ರಗಳನ್ನು 1968ರಲ್ಲಿ ಟಿವಿ ಪ್ರಸಾರದಿಂದ ಹಿಂತೆಗೆದದ್ದು ವಿತರಣಾ ಹಕ್ಕು ಪಡೆದಿದ್ದ ಯುನೈಟೆಡ್ ಆರ್ಟಿಸ್ಟ್ಸ್. ‘ನಿಷೇಧಿತ’ವೆಂದು ಮಾರುವವರಿಗೆ ಹಣ ಕೊಡಬೇಡಿ.

ಪ್ರಶ್ನೆ: ಹಳೆಯ ಟಾಮ್ ಅಂಡ್ ಜೆರ್ರಿಯನ್ನು ಮಕ್ಕಳಿಗೆ ತೋರಿಸಬಹುದೇ?

ಉತ್ತರ: ತೋರಿಸಿ, ಆದರೆ ಪಕ್ಕದಲ್ಲಿ ಕುಳಿತುಕೊಳ್ಳಿ. ಮನೆಗೆಲಸದ ಕಪ್ಪು ಹೆಂಗಸಿನ ಕಾಲು ಮಾತ್ರ ಏಕೆ ಕಾಣುತ್ತದೆಂದು ಮಗು ಕೇಳಿದರೆ ನಿಜವನ್ನೇ ಹೇಳಿ. ಮೇಲೆ ಹೇಳಿದ 1944ರ ಬಗ್ಸ್ ಬನ್ನಿಯನ್ನಂತೂ ಹನ್ನೆರಡು ತುಂಬದ ಮಕ್ಕಳಿಗೆ ನಾನು ತೋರಿಸುವುದಿಲ್ಲ.