‘ಅನ್‌ಪ್ರೊಫೆಷನಲ್’ ಅಂದರೆ ಏನು ಮಾಡಿದ ಹಾಗೆ?

ಬೆಂಗಳೂರಿನ ಐಟಿ ಕಂಪನಿಯೊಂದರಲ್ಲಿ ಕೆಲಸ ಮಾಡುವ ಓದುಗರೊಬ್ಬರು ಪತ್ರ ಬರೆದಿದ್ದಾರೆ, ಹೆಸರು ಹಾಕಬೇಡಿ ಎಂದಿದ್ದಾರೆ. ಭಾನುವಾರ ರಾತ್ರಿ ಮ್ಯಾನೇಜರ್ ಫೋನ್ ಮಾಡಿದಾಗ ಅವರು ತೆಗೆಯಲಿಲ್ಲ. ಸೋಮವಾರ ಬೆಳಿಗ್ಗೆ ‘ನಿಮ್ಮ ವರ್ತನೆ ಅನ್‌ಪ್ರೊಫೆಷನಲ್’ ಎಂದು ಮೇಲ್ ಬಂತಂತೆ. ‘ಇದಕ್ಕೆ ಕನ್ನಡದಲ್ಲಿ ಏನಂತಾರೆ? ಇದು ಬೈಗುಳವೋ, ಆರೋಪವೋ? ನಾನು ಏನು ಉತ್ತರ ಕೊಡಲಿ?’ ಎಂದು ಕೇಳಿದ್ದಾರೆ.

ನಮಸ್ಕಾರ. ನಿಮ್ಮ ಪತ್ರ ಓದಿ ಬೇಸರವಾಯಿತು, ಸಿಟ್ಟೂ ಬಂತು.

ಪತ್ರಿಕೆಯಲ್ಲಿ ನಾವು ‘ವೃತ್ತಿಪರವಲ್ಲದ’ ಎಂದು ಬರೆಯುತ್ತೇವೆ. ತಪ್ಪಿಲ್ಲ, ಆದರೆ ಮಾತಾಡುವಾಗ ಯಾರೂ ಹಾಗೆ ಅನ್ನುವುದಿಲ್ಲ. ಕೌಂಟರ್ ಮುಂದೆ ನಿಂತವರಿಗೆ ತಲೆ ಎತ್ತದೆ ‘ಆಮೇಲೆ ಬನ್ನಿ’ ಅಂದರೆ ಅದನ್ನು ಉಡಾಫೆ ಅನ್ನುತ್ತೇವೆ. ಒಪ್ಪಿಕೊಂಡ ಕೆಲಸವನ್ನು ಯಾರಿಗೂ ಹೇಳದೆ ಅರ್ಧಕ್ಕೆ ಬಿಟ್ಟರೆ ಬೇಜವಾಬ್ದಾರಿ. ಸರ್ಕಾರಿ ಆದೇಶದಲ್ಲಾದರೆ ಕರ್ತವ್ಯಲೋಪ, ದುರ್ನಡತೆ. ಉಡಾಫೆ ಅಂದ ಕೂಡಲೇ ಏನಾಗಿರಬಹುದು ಅಂತ ಕೇಳಿದವರಿಗೆ ಅಂದಾಜಾಗುತ್ತದೆ. ‘ಅನ್‌ಪ್ರೊಫೆಷನಲ್’ ಅಂದರೆ ಏನೂ ಗೊತ್ತಾಗುವುದಿಲ್ಲ. ಹೇಳಿದವರಿಗೆ ಇಷ್ಟವಾಗಲಿಲ್ಲ ಅನ್ನುವುದಷ್ಟೇ ಗೊತ್ತಾಗುತ್ತದೆ. ಅದಕ್ಕೇ ಬಟ್ಟೆಗೂ ಉಚ್ಚಾರಣೆಗೂ, ಮೀಟಿಂಗ್‌ನಲ್ಲಿ ಕಣ್ಣೀರು ಬಂದದ್ದಕ್ಕೂ ಇದೇ ಮಾತನ್ನು ಅಂಟಿಸುತ್ತಾರೆ.

ಈ ಮಾತು ಸಲ್ಲುವ ಕಡೆ ಬೇಕಾದಷ್ಟಿದೆ. ಸಹೋದ್ಯೋಗಿ ನಂಬಿ ಹೇಳಿದ ಕಾಯಿಲೆಯ ವಿಷಯವನ್ನು ಕ್ಯಾಂಟೀನಿನಲ್ಲಿ ಹಂಚುವುದು, ಸಂದರ್ಶನಕ್ಕೆ ಕರೆದು ಗಂಟೆಗಟ್ಟಲೆ ಕೂರಿಸಿ ಸುಮ್ನೆ ವಾಪಸ್ ಕಳಿಸುವುದು, ಎಲ್ಲರೆದುರು ಕಿರಿಯರ ಮೇಲೆ ಕೂಗಾಡುವುದು. ಇದರಲ್ಲಿ ಜಾಸ್ತಿ ಮೇಲಿನವರೇ ಮಾಡುವಂಥದ್ದು, ಅಲ್ವಾ? ಆದರೆ ಈ ಮಾತು ಮೇಲಿನಿಂದ ಕೆಳಗೆ ಬರುವಷ್ಟು ಸಲೀಸಾಗಿ ಕೆಳಗಿನಿಂದ ಮೇಲೆ ಹೋಗುವುದಿಲ್ಲ.

ಕಾನೂನು ಈ ವಿಷಯವನ್ನು ನೋಡಿರುವ ರೀತಿ ನಿಮಗೆ ಧೈರ್ಯ ಕೊಡಬಹುದು. ಕಾರ್ಖಾನೆಗಳಿಗಾಗಿ 1946ರ ಸ್ಥಾಯಿ ಆದೇಶಗಳ (ಅಂದರೆ ಕೆಲಸದ ಜಾಗದಲ್ಲಿ ಬರೆದಿಟ್ಟ ನಿಯಮಗಳ) ಕಾಯಿದೆ ಬಂದಾಗ ಅದರ ಮಾದರಿ ನಿಯಮಗಳಲ್ಲಿ ದುರ್ನಡತೆ ಅಂದರೆ ಏನೇನು ಎಂದು ಬಿಡಿಸಿ ಬರೆದರು: ಕಳ್ಳತನ, ಲಂಚ, ಪದೇ ಪದೇ ತಡವಾಗಿ ಬರುವುದು, ರಜೆ ಕೇಳದೆ 10 ದಿನಕ್ಕಿಂತ ಹೆಚ್ಚು ಗೈರು, ಹೀಗೆ. ಎ.ಎಲ್. ಕಾಲ್ರಾ ಪ್ರಕರಣದಲ್ಲಿ 1984ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟವಾಗಿ ಹೇಳಿತು. ಅವರು ಕೇಂದ್ರ ಸರ್ಕಾರದ ಉದ್ದಿಮೆಯೊಂದರ ಅಧಿಕಾರಿ, ಮುಂಗಡ ಹಣದ ನಿಯಮ ಪಾಲಿಸಲಿಲ್ಲವೆಂದು ಕೆಲಸದಿಂದ ತೆಗೆದಿದ್ದರು. ಹುದ್ದೆಗೆ ತಕ್ಕ ಹಾಗೆ ನಡೆದುಕೊಳ್ಳಲಿಲ್ಲ ಅಂದರೆ ಸಾಲದು, ಆ ನಡತೆ ನಿಯಮದಲ್ಲಿ ಹೆಸರಿಸಿದ ದುರ್ನಡತೆಗಳಲ್ಲಿ ಒಂದಾಗಿರಬೇಕು ಎಂದಿತು ಕೋರ್ಟ್. ಖಾಸಗಿ ಕಂಪನಿಗೆ ಆ ತೀರ್ಪು ಹಾಗೇ ಅನ್ವಯಿಸುತ್ತದೆ ಅಂತ ಅಂದುಕೊಳ್ಳಬೇಡಿ. ಆದರೂ ‘ನಾನು ಮಾಡಿದ್ದು ಯಾವ ನಿಯಮಕ್ಕೆ ವಿರುದ್ಧ?’ ಎಂದು ಕೇಳುವುದು ಅಹಂಕಾರವಲ್ಲ, ತೀರಾ ನ್ಯಾಯವಾದ ಪ್ರಶ್ನೆ.

ಇನ್ನು ಭಾನುವಾರದ ಫೋನ್. ಆ ವಾರ ಆನ್-ಕಾಲ್ ಪಾಳಿ, ಅಂದರೆ ರಜೆಯಲ್ಲೂ ಫೋನ್ ಬಂದರೆ ತೆಗೆಯಬೇಕಾದ ಸರದಿ, ನಿಮ್ಮದಾಗಿತ್ತಾ? ಪತ್ರದಲ್ಲಿ ಬರೆದಿಲ್ಲ. ಆಗಿದ್ದರೆ ಫೋನ್ ತೆಗೆಯದೇ ಇದ್ದದ್ದು ತಪ್ಪು, ಒಪ್ಪಿಕೊಂಡುಬಿಡಿ. ಇಲ್ಲದಿದ್ದರೆ ಅದು ನಿಮ್ಮ ರಜೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ ಪ್ರಕಾರ ವಾರಕ್ಕೆ ಒಂದು ಪೂರ್ತಿ ದಿನ ರಜೆ ಕೊಡಲೇಬೇಕು. ರಜೆಯ ದಿನ ಮನೆಯವರ ಜೊತೆ ಇದ್ದದ್ದಕ್ಕೆ ಈ ಮಾತು ಬಳಸುವುದು ಖಂಡಿತ ಸರಿಯಲ್ಲ.

ಉತ್ತರ ಚಿಕ್ಕದಾಗಿರಲಿ. ‘ಭಾನುವಾರ ನನ್ನ ವಾರದ ರಜೆ, ಪಾಳಿಯೂ ನನ್ನದಾಗಿರಲಿಲ್ಲ. ನನ್ನ ಯಾವ ವರ್ತನೆ ತಪ್ಪು, ಮುಂದೆ ಏನು ಬದಲಾಗಬೇಕು ಎಂದು ತಿಳಿಸಿದರೆ ಸರಿಪಡಿಸಿಕೊಳ್ಳುತ್ತೇನೆ’ ಅಂದರೆ ಸಾಕು. ಕ್ಷಮೆ ಬೇಡ, ಜಗಳವೂ ಬೇಡ. ವಿಷಯ ಬೆಳೆದರೆ ಕಂಪನಿಯ ಕುಂದುಕೊರತೆ ಸಮಿತಿಗೆ ಹೋಗಿ. ಸ್ಥಾಯಿ ಆದೇಶಗಳ ಕಾಯಿದೆಯಿಂದ ಐಟಿ ಕಂಪನಿಗಳಿಗೆ ವಿನಾಯಿತಿ ಕೊಡುವಾಗ ನಮ್ಮ ರಾಜ್ಯ ಸರ್ಕಾರ ಹಾಕಿದ ಷರತ್ತುಗಳಲ್ಲಿ ಈ ಸಮಿತಿಯೂ ಒಂದಾಗಿತ್ತು. 2024ರಲ್ಲಿ ವಿನಾಯಿತಿ ಮುಂದುವರಿಸಿದಾಗಲೂ ಆ ಷರತ್ತು ಇತ್ತು. ಮ್ಯಾನೇಜರ್ ‘ಮಾತಾಡಿ ಮುಗಿಸೋಣ’ ಅಂದರೆ ಒಪ್ಪಿಕೊಳ್ಳಿ, ಆದರೆ ಮಾತು ಮುಗಿದ ಮೇಲೆ ಏನು ತೀರ್ಮಾನವಾಯಿತು ಎಂದು ಅದೇ ಮೇಲ್‌ಗೆ ಉತ್ತರವಾಗಿ ಎರಡು ಸಾಲು ಬರೆದು ಕಳಿಸಿಬಿಡಿ.